ಇಪ್ಪತ್ನಾಲ್ಕು ಕಿಲೋಮೀಟರ್ ದೂರದ ನಿದ್ದೆ

ಮೊದಲಿಗೆ, ಕಪಿಲೆ ಉಕ್ಕಬಹುದಿತ್ತು. ಆಗಸ್ಟ್ ತಿಂಗಳು. ಅಣೆಕಟ್ಟಿನಿಂದ ನೀರು ಬಿಟ್ಟರೆ ನಂಜನಗೂಡಿನಲ್ಲಿ ನಮ್ಮ ಬೀದಿಯ ತುದಿಯವರೆಗೆ ಹೊಳೆ ಬರುವುದುಂಟು. ನಾವು ಮನೆಯಲ್ಲಿಲ್ಲದ ಎರಡು ದಿನವನ್ನೇ ಅದು ಆರಿಸಿಕೊಂಡರೆ? ಹೊಳೆ ಬರದಿದ್ದರೂ ನಲ್ಲಿ ಇತ್ತು. ದಿನ ಬಿಟ್ಟು ದಿನ ಬೆಳಗಿನ ಜಾವಕ್ಕೆ ಬರುವ ನೀರು, ನಾವು ಮುಚ್ಚಲು ಮರೆತ ನಲ್ಲಿಯಿಂದ ಸುರಿದು ಅಡುಗೆಮನೆಯಲ್ಲಿ ಪಾತ್ರೆಗಳು ತೇಲಬಹುದಿತ್ತು. ಹೆಡ್‌ಮಾಸ್ಟರರು ಶನಿವಾರ ಮಧ್ಯಾಹ್ನ ಫೋನ್ ಮಾಡಿ ಯಾವುದೋ ಗಣತಿಗೆ ನನ್ನ ಹೆಸರು ಹಾಕಿದ್ದೇನೆ ಅನ್ನಬಹುದಿತ್ತು. ಹೋಟೆಲಿನ ಹಾಸಿಗೆಯಲ್ಲಿ ತಿಗಣೆ ಇರಬಹುದಿತ್ತು. ಲಿಫ್ಟು ನಡುವೆ ನಿಲ್ಲಬಹುದಿತ್ತು. ಎ.ಸಿ. ಗಾಳಿಗೆ ಹೆಂಡತಿಯ ಮಂಡಿ ಹಿಡಿದುಕೊಳ್ಳಬಹುದಿತ್ತು. ಬಿಳಿಗೂದಲಿನ ನಮ್ಮಿಬ್ಬರನ್ನು ನೋಡಿ, ಇವರು ಗಂಡಹೆಂಡಿರು ಹೌದೋ ಅಲ್ಲವೋ ಎಂದು ಕೌಂಟರಿನವರಿಗೆ ಅನುಮಾನ ಬರಬಹುದಿತ್ತು. ಅದಕ್ಕೆಂದೇ ಆಧಾರ್ ಕಾರ್ಡುಗಳ ಜೊತೆ ನಮ್ಮ ಲಗ್ನಪತ್ರಿಕೆಯನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ಇಟ್ಟುಕೊಂಡಿದ್ದೆ. ಸಂಜೆಯ ಹೊತ್ತಿಗೆ ಅವಳೇ 'ಇನ್ನು ಸಾಕು, ಲಾಸ್ಟ್ ಬಸ್ಸಿಗೆ ಹೋಗೋಣ' ಅನ್ನಬಹುದಿತ್ತು. ಇವೆಲ್ಲಕ್ಕಿಂತ ಮಿಗಿಲಾಗಿ, ಕುವೆಂಪುನಗರದಲ್ಲಿರುವ ನನ್ನ ಭಾವಮೈದ ನಮ್ಮನ್ನು ನೋಡಿಬಿಡಬಹುದಿತ್ತು.

ನಾನು ತಿ. ನರಸೀಪುರದ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ದಿನಾ ನಂಜನಗೂಡಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನಾಣ್ಯ ಚಿಮ್ಮಿದರೆ ಎರಡೇ ಸಾಧ್ಯತೆ ಎಂದು ಹತ್ತನೇ ತರಗತಿಯ ಮಕ್ಕಳಿಗೆ ಹೇಳಿಕೊಡುವುದು ನನ್ನ ಕಸುಬು. ಆ ನಾಣ್ಯ ಉರುಳಿ ಚರಂಡಿಗೆ ಬೀಳುವ ಮೂರನೆಯ ಸಾಧ್ಯತೆ ಮಾತ್ರ ನನಗೆ ಕಾಣುವಷ್ಟು ಸ್ಪಷ್ಟವಾಗಿ ಇನ್ಯಾರಿಗೂ ಕಾಣುವುದಿಲ್ಲ.

ಊರು ಬಿಟ್ಟು ಹೋಗುವ ಯೋಚನೆ ನನ್ನದಾಗಿರಲಿಲ್ಲ. ಹೆಂಡತಿಗೆ ಐವತ್ತು ತುಂಬುವುದಿತ್ತು. ಏನು ಬೇಕು ಎಂದು ಕೇಳಿದೆ. ಸೀರೆಯೋ ಓಲೆಯೋ ಅನ್ನುತ್ತಾಳೆ ಎಂದುಕೊಂಡಿದ್ದೆ. ಹುರುಳಿಕಾಯಿಯ ನಾರು ತೆಗೆಯುತ್ತಿದ್ದವಳು ತಲೆ ಎತ್ತಲಿಲ್ಲ.

"ಒಂದಿನ ನಿದ್ದೆ ಮಾಡ್ಬೇಕು ಕಣ್ರೀ. ನಾನಾಗೇ ಏಳೋವರ್ಗೂ."

ನನ್ನ ಅಮ್ಮ ಆರು ವರ್ಷ ಹಾಸಿಗೆ ಹಿಡಿದಿದ್ದಳು. ಆ ಆರೂ ವರ್ಷ ನನ್ನ ಹೆಂಡತಿ ಮಲಗಿದ್ದು ಅಮ್ಮನ ಮಂಚದ ಪಕ್ಕ, ನೆಲದ ಮೇಲೆ. ಮಗ್ಗುಲು ಬದಲಿಸಲು ಎರಡು ಗಂಟೆಗೊಮ್ಮೆ, ಕೆಮ್ಮು ಬಂದರೆ ಇನ್ನೊಮ್ಮೆ, ಆಮೇಲೆ ನಾಲ್ಕೂವರೆಗೆ ನಲ್ಲಿ ನೀರಿಗೆ. ನಾನೂ ಏಳುತ್ತೇನೆ ಎಂದು ಹೇಳುತ್ತಿದ್ದೆ, ಹೇಳಿ ಮಲಗುತ್ತಿದ್ದೆ. ಹಗಲೆಲ್ಲ ಆಗದ್ದಕ್ಕೆ ಹೆದರುವವನಿಗೆ ರಾತ್ರಿ ಗಾಢ ನಿದ್ದೆ ಬರುತ್ತದೆ ಎಂಬುದು ನನ್ನ ಮಟ್ಟಿಗಂತೂ ನಿಜ. ಅಮ್ಮ ಹೋದ ವರ್ಷ ತೀರಿಕೊಂಡಳು. ಹೆಂಡತಿ ಮಂಚಕ್ಕೆ ಮರಳಿದಳು, ಆದರೆ ನಿದ್ದೆ ಅವಳ ಜೊತೆ ಮರಳಲಿಲ್ಲ. ಎರಡು ಗಂಟೆಗೊಮ್ಮೆ ಎದ್ದು ಕೂರುತ್ತಾಳೆ, ಆ ಕೋಣೆಯತ್ತ ನೋಡುತ್ತಾಳೆ, ಮಲಗುತ್ತಾಳೆ. ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆ ನುಂಗಿಯೂ ಸಮಯಕ್ಕೆ ಸರಿಯಾಗಿ ಏಳುತ್ತಿದ್ದಳು. ಜಾಗ ಬದಲಿಸಿ ನೋಡಿ ಎಂದು ಅವರೇ ಕೊನೆಗೆ ಹೇಳಿದರು.

ಹಾಗಾಗಿ ಮೈಸೂರು. ಇಪ್ಪತ್ನಾಲ್ಕು ಕಿಲೋಮೀಟರ್. ನಮ್ಮ ಕಡೆಯವರು ಮೈಸೂರಿನಲ್ಲಿ ರಾತ್ರಿ ಉಳಿಯುವುದು ಎರಡೇ ಕಾರಣಕ್ಕೆ: ಆಸ್ಪತ್ರೆ, ಇಲ್ಲವೇ ಮದುವೆ. ಉಳಿಯುವುದೂ ನೆಂಟರ ಮನೆಯಲ್ಲಿ. ಸ್ವಂತ ತಮ್ಮನ ಮನೆ ಇರುವಾಗ ಅಕ್ಕ ಲಾಡ್ಜಿನಲ್ಲಿ ಇಳಿದಳೆಂದರೆ ಎರಡು ತಲೆಮಾರಿನವರೆಗೆ ಮಾತು ಬಿಡುವಷ್ಟು ದೊಡ್ಡ ಅವಮಾನ. ತಮ್ಮನ ಮನೆಗೇ ಹೋಗೋಣವೆಂದರೆ, ಅಲ್ಲಿ ಐದು ಗಂಟೆಗೆ ಇವಳೇ ಎದ್ದು ಹಾಲು ಕಾಯಿಸುತ್ತಾಳೆ, ಯಾರೂ ಹೇಳಬೇಕಿಲ್ಲ. ಆದ್ದರಿಂದ ಕದ್ದು ಹೋದೆವು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಮೇಲೆ ಹೆಂಡತಿಯನ್ನು ಕರೆದುಕೊಂಡು ಓಡಿಹೋದ ಮೊದಲ ಮೇಷ್ಟ್ರು ನಾನೇ ಇರಬೇಕು.

ಶನಿವಾರ ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಆಟೋ ಹತ್ತಿದೆವು. ಡ್ರೈವರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ನರಸೀಪುರದ ಹತ್ತಿರದ ಹೆಮ್ಮಿಗೆಯವನು, ಹದಿನೈದು ವರ್ಷದ ಹಿಂದಿನ ನನ್ನ ಶಿಷ್ಯ. ಗಣಿತದಲ್ಲಿ ಎರಡು ಸಲ ಫೇಲಾಗಿದ್ದವನು. ಅದನ್ನು ಅವನೇ ನೆನಪಿಸಿದ.

"ಯಾರ್‌ಗುಸಾರಿಲ್ಲ ಸಾ? ಯಾವಾಸ್ಪತ್ರೆಗ್ ಬುಡ್ಲಿ?"

ಯಾರಿಗೂ ಏನೂ ಆಗಿಲ್ಲ ಎಂದೆ. ಹಾಗಾದರೆ ಯಾರ ಮದುವೆ ಎಂದು ಕೇಳಿದ. ಮದುವೆಯೂ ಅಲ್ಲ ಎಂದಾಗ ಅವನು ವೇಗ ಕಡಿಮೆ ಮಾಡಿ ಪೂರ್ತಿ ಹಿಂದಕ್ಕೆ ತಿರುಗಿದ. ಎದುರಿಗೆ ಬಸ್ಸು ಬರುತ್ತಿತ್ತು. ನನ್ನ ಹೆಂಡತಿ ತಣ್ಣಗೆ, ನಾಳೆ ನನ್ನ ಹುಟ್ಟಿದಬ್ಬ, ಇವ್ರು ಹೋಟ್ಲು ಬುಕ್ ಮಾಡವ್ರೆ ಎಂದುಬಿಟ್ಟಳು. ಅವನು ಮುಂದಕ್ಕೆ ತಿರುಗಿ ಬಸ್ಸಿಗೆ ದಾರಿ ಬಿಟ್ಟ.

"ನಮ್ ಮೇಷ್ಟ್ರಾ?" ಎಂದ ಆಮೇಲೆ. "ಯಾರ್‌ಗೂ ಏಳಲ್ಲ ಬುಡಿ ಸಾ."

ಹೋಟೆಲಿನ ಕೌಂಟರಿನಲ್ಲಿ ನಮ್ಮ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ನನಗೆ ಒಂದಿಷ್ಟು ಬೇಸರವೇ ಆಯಿತೆನ್ನಬೇಕು. ಹಾಸಿಗೆಯ ನಾಲ್ಕೂ ಮೂಲೆ ಎತ್ತಿ ನೋಡಿದೆ, ತಿಗಣೆ ಇರಲಿಲ್ಲ. ಅಷ್ಟರಲ್ಲಿ ಹೆಂಡತಿ ಬಚ್ಚಲಿನ ಸಿಂಕನ್ನು ಒರೆಸಿ, ಅವರು ಮಡಿಸಿಟ್ಟಿದ್ದ ಟವೆಲುಗಳನ್ನು ಇನ್ನೊಮ್ಮೆ ಮಡಿಸಿದ್ದಳು. ಕಾಫಿ ಕುಡಿದ ಲೋಟಗಳನ್ನು ತೊಳೆಯಲು ಹೊರಟಾಗ ಕೈಯಿಂದ ಕಿತ್ತುಕೊಂಡೆ. ಸಂಜೆ ಅರಮನೆ ನೋಡಿಕೊಂಡು ಮಾರ್ಕೆಟ್ಟಿಗೆ ಹೋಗಿ ಮಲ್ಲಿಗೆ ಕೊಂಡೆವು. ಭಾವಮೈದನ ಹಾಗೆ ಬೋಳುತಲೆ ಕಂಡಲ್ಲೆಲ್ಲ ನಾನು ಬಾಳೆಕಾಯಿ ಮಂಡಿಯ ಕಡೆ ಮುಖ ತಿರುಗಿಸಿದೆ. ಮೈಸೂರಿನಲ್ಲಿ ಬೋಳುತಲೆಗಳು ಬಹಳ.

ಅಂದು ಅವಳನ್ನು ನಿಜಕ್ಕೂ ಹಿಗ್ಗಿಸಿದ್ದು ಅರಮನೆಯೂ ಅಲ್ಲ, ಮಲ್ಲಿಗೆಯೂ ಅಲ್ಲ. ವಾಪಸು ಬಂದಾಗ ಕೌಂಟರಿನವರು, ಬೆಳಗ್ಗೆ ಏಳರಿಂದ ಹತ್ತರವರೆಗೆ ತಿಂಡಿ, ರೂಮಿನ ಬಾಡಿಗೆಯಲ್ಲೇ ಸೇರಿದೆ ಎಂದರು. ಏನೇನಿರುತ್ತದೆ ಎಂದು ಅವಳು ಒಂದೊಂದಾಗಿ ಕೇಳಿ ತಿಳಿದುಕೊಂಡಳು. ಇಡ್ಲಿ, ಪೊಂಗಲ್, ಹೆಚ್ಚಿಟ್ಟ ಹಣ್ಣು. ಒಬ್ಬರು ಹಂಚಿನ ಮುಂದೆ ನಿಂತು, ಕೇಳಿದವರಿಗೆ ಕೇಳಿದ ಹಾಗೆ ದೋಸೆ ಹುಯ್ದು ಕೊಡುತ್ತಾರೆ.

"ನಾನ್ ತಟ್ಟೆ ಹಿಡ್ಕೊಂಡು ನಿಂತ್ಕೊಳೋದಂತೆ, ಅವ್ರು ಹಾಕ್ಕೊಡೋದಂತೆ," ಎಂದಳು ಲಿಫ್ಟಿನಲ್ಲಿ. ಮೊದಲು ಪೊಂಗಲ್, ಆಮೇಲೆ ದೋಸೆ, ಹಣ್ಣು ಕೊನೆಗೆ ಎಂದು ಮೂರನೆಯ ಮಹಡಿ ತಲುಪುವುದರೊಳಗೆ ತೀರ್ಮಾನವಾಗಿತ್ತು.

ಭಾನುವಾರ ನನಗೆ ಎಚ್ಚರವಾದಾಗ ಪರದೆಯ ಸಂದಿನಲ್ಲಿ ಬೆಳಕಿತ್ತು. ಆರೂವರೆ. ಪಕ್ಕದಲ್ಲಿ ಅವಳು ಮಲಗಿದ್ದಳು. ಎದ್ದು ಕೂತು ಮತ್ತೆ ಮಲಗಿದವರ ನಿದ್ದೆಯಾಗಿರಲಿಲ್ಲ ಅದು. ತಲೆಗೂದಲಿನ ಮಲ್ಲಿಗೆ ಅಲುಗದೆ ಒಂದೇ ಕಡೆ ಅಪ್ಪಚ್ಚಿಯಾಗಿತ್ತು. ಅಮ್ಮನ ಕೊನೆಯ ದಿನಗಳಲ್ಲಿ ಅವಳು ಹಳೆಯ ಸೀರೆಯ ಅಂಚನ್ನು ಹರಿದು ಒಂದು ತುದಿಯನ್ನು ಅಮ್ಮನ ಮುಂಗೈಗೆ, ಇನ್ನೊಂದನ್ನು ತನ್ನ ಮುಂಗೈಗೆ ಕಟ್ಟಿಕೊಂಡು ಮಲಗುತ್ತಿದ್ದಳು. ಅಮ್ಮನಿಗೆ ಆಗ ಕೂಗಲೂ ತ್ರಾಣವಿರಲಿಲ್ಲ, ಬೆರಳಾಡಿಸಿದರೆ ಇವಳಿಗೆ ತಿಳಿಯಬೇಕಲ್ಲ. ಆ ಕೈ ಈಗ ದಿಂಬಿನ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು. ಬಹಳ ಹೊತ್ತು ನೋಡಿದೆ. ಆಮೇಲೆ, ನಾನು ನಾನೇ ಆದ್ದರಿಂದ, ಮೂಗಿನ ಹತ್ತಿರ ಬೆರಳು ಹಿಡಿದು ಉಸಿರಿದೆಯೇ ಎಂದು ನೋಡಿದೆ. ಇತ್ತು. ಎಂಟಕ್ಕೆ ಇನ್ನೊಮ್ಮೆ ನೋಡಿದೆ.

ಎಂಟೂವರೆಗೆ ಹಾಸನದ ಹಾಸ್ಟೆಲಿನಿಂದ ಮಗಳ ಫೋನು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಪಿಸುಗುಟ್ಟಿದೆ. ಅಮ್ಮನಿಗೆ ಕೊಡು ಎಂದಳು. ಮಲಗಿದ್ದಾಳೆ ಎಂದೆ. "ಇನ್ನೂನಾ?" ಎಂದಳು. ಹತ್ತಕ್ಕೆ ತಿಂಡಿ ಮುಗಿಯುತ್ತದೆ, ಪೊಂಗಲ್ ಪೊಂಗಲ್ ಅಂತ ಆಸೆಪಟ್ಟಿದ್ದಳು, ಒಂಬತ್ತಕ್ಕೆ ಎಬ್ಬಿಸಲೇ ಎಂದು ನಾನು ಕೇಳಿದೆ.

"ಅಪ್ಪಾ, ನೀನು ಸುಮ್ನೆ ಕೂತ್ಕೋ. ಏನೂ ಮಾಡ್ಬೇಡ."

ಏನೂ ಮಾಡದೆ ಇರುವುದು ನನಗೆ ಬರುವ ವಿದ್ಯೆಯಲ್ಲ. ಒಂಬತ್ತೂಕಾಲಿಗೆ ಕಾರಿಡಾರಿನಲ್ಲಿ ಗಾಲಿಯ ಕಿರುಗುಟ್ಟುವ ಸದ್ದು ಕೇಳಿತು, ಪಕ್ಕದ ರೂಮಿನ ಬಾಗಿಲನ್ನು ಯಾರೋ ತಟ್ಟಿದರು. ಮುಂದಿನದು ನಮ್ಮದೇ. ಬಾಗಿಲಿಗೆ ನೇತುಹಾಕಲು 'ತೊಂದರೆ ಕೊಡಬೇಡಿ' ಎಂಬ ಚೀಟಿ ಒಳಗೇ ಇತ್ತು. ದುಡಿಯಲು ಬರುವವರ ಮುಖಕ್ಕೆ ಹಾಗೆ ಬರೆದು ಹಾಕುವುದು ಮರ್ಯಾದೆಯಲ್ಲ ಎಂದು ನಾನೇ ಅದನ್ನು ಡ್ರಾಯರಿಗೆ ಹಾಕಿದ್ದೆ. ಈಗ ಹುಡುಕುತ್ತಾ ಕೂರುವ ಹಾಗಿರಲಿಲ್ಲ. ಪಂಚೆ ಬನಿಯನ್ನಿನಲ್ಲೇ ಹೊರಗೆ ನುಗ್ಗಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡೆ. ಅದು ತನ್ನಷ್ಟಕ್ಕೆ ಬೀಗ ಹಾಕಿಕೊಂಡಿತು. ತೆಗೆಯುವ ಕಾರ್ಡು ಒಳಗೆ ಗೋಡೆಗೆ ಸಿಕ್ಕಿಸಿತ್ತು.

ರೂಮು ಗುಡಿಸುವ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಲವತ್ತರ ಆಸುಪಾಸಿನವಳು, ಸೀರೆಯ ಮೇಲೆ ನೀಲಿ ಕೋಟು.

"ಯಾಕ್ ಸಾ, ಅಮ್ಮಾರು ಮುನಿಸ್ಕಂಡು ಆಚ್ಗೆ ದಬ್ಬುದ್ರಾ?"

ಮಾತು ಕೇಳಿ ಊರು ಯಾವುದೆಂದು ವಿಚಾರಿಸಿದೆ. ಹದಿನಾರು ಎಂಬ ಹಳ್ಳಿ, ನಾನು ದಿನಾ ಬಸ್ಸಿನಲ್ಲಿ ಹೋಗುವ ಕಡೆಯೇ. ತನ್ನ ಹತ್ತಿರ ಕಾರ್ಡಿದೆ, ತೆಗೆದುಕೊಡುತ್ತೇನೆ ಎಂದಳು. ಬೇಡ, ಅದು ಟಿಣ್ ಅನ್ನುತ್ತದೆ, ಒಳಗೆ ಮಲಗಿದ್ದಾರೆ ಎಂದೆ. ತಿಂಡಿ ಹತ್ತು ಗಂಟೆಗೆ ಎತ್ತಿಬಿಡುತ್ತಾರೆ, ಮೇಲಕ್ಕೆ ತರುವ ಹಾಗೂ ಇಲ್ಲ ಎಂದು ಎಚ್ಚರಿಸಿದಳು. ಗೊತ್ತು ಎಂದೆ. ನನ್ನನ್ನು ಹುಚ್ಚನೆಂದುಕೊಳ್ಳಬಾರದಲ್ಲ ಎಂದು ಅಮ್ಮನ ವಿಷಯ, ಸೀರೆಯಂಚಿನ ವಿಷಯ ಎಲ್ಲ ಹೇಳಿದೆ.

"ಎಷ್ಟ್ ವರ್ಸ ನೋಡ್ಕಂಡ್ರು?"

"ಆರು."

ಅವಳು ನಮ್ಮ ಬಾಗಿಲನ್ನು ನೋಡಿದಳು. "ಮನೀಕ್ಕಳ್ಲಿ ಬುಡಿ," ಎಂದಳು. ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಇಟ್ಟಳು. ಆಮೇಲೆ ತನ್ನ ಗಾಡಿಯ ಕಿರುಗುಟ್ಟುವ ಗಾಲಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ನಮ್ಮ ರೂಮು ದಾಟುವವರೆಗೆ ಮೂರೇ ಗಾಲಿಯ ಮೇಲೆ ತಳ್ಳಿಕೊಂಡು ಹೋದಳು.

ನಾನು ಕೂತೆ. ಮೆಟ್ಟಿಲಿನ ಕಡೆಯಿಂದ ತುಪ್ಪ ಮೆಣಸಿನ ವಾಸನೆ ಬರುತ್ತಿತ್ತು. ಮಿಂದು ಮಡಿಯಾದ ಸಂಸಾರಗಳು ತಿಂಡಿಗೆ ಇಳಿದು ಹೋದವು, ತಿಂದು ಹತ್ತಿ ಬಂದವು. ಬನಿಯನ್ನಿನ ನನ್ನನ್ನು ನೋಡಿ ಒಬ್ಬರು ಗುಡ್ ಮಾರ್ನಿಂಗ್ ಎಂದರು. ಒಳಗೆ ಕೂತಿದ್ದರೆ ಒಂಬತ್ತೂ ಐವತ್ತಕ್ಕೆ ನಾನು ಖಂಡಿತ ಅವಳ ಭುಜ ಅಲುಗಿಸುತ್ತಿದ್ದೆ. ಹೊರಗಿದ್ದುದೇ ಸರಿಹೋಯಿತು. ಹತ್ತಕ್ಕೆ ಕೆಳಗೆ ಪಾತ್ರೆ ಎತ್ತಿಡುವ ಸದ್ದಾಯಿತು. ನಾನು ಕಾಲು ಮಡಿಸಿಕೊಂಡು ಕೂತೇ ಇದ್ದೆ.

ಹತ್ತೂಮುಕ್ಕಾಲಿಗೆ ಬಾಗಿಲು ತೆರೆಯಿತು. ಅವಳ ಒಂದು ಕೆನ್ನೆಯ ಮೇಲೆ ದಿಂಬಿನ ಗೆರೆಗಳು, ಕಣ್ಣು ಊದಿತ್ತು.

"ಯಾಕ್ರೀ ಇಲ್ಲಿ ಕೂತಿದ್ದೀರಾ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ನನ್ನ ಕೈಗಡಿಯಾರ ತಿರುಗಿಸಿ ನೋಡಿದಳು. ಎರಡು ಸಲ ನೋಡಿದಳು.

"ತಿಂಡಿ?"

"ಮುಗೀತು."

"ಎಬ್ಬಿಸ್ಬಾರ್ದಾಗಿತ್ತಾ?" ನಿಜವಾಗಿಯೂ ಸಿಟ್ಟು ಬಂದಿತ್ತು. ಅವಳು ಬಾಗಿಲ ಚೌಕಟ್ಟಿಗೆ ಒರಗಿ, ಬಾಯಿಗೆ ಸೆರಗು ಹಿಡಿದು ದೊಡ್ಡದಾಗಿ ಆಕಳಿಸಿದಳು.

"ಪೊಂಗಲ್ ಇತ್ತಂತಾ?"

ಇತ್ತಂತೆ ಎಂದೆ.