ನಾನು ಹೇಳದೆ ಬಿಟ್ಟ ಮೂರಕ್ಷರ

ಶಾಂತವ್ವ ಎಂಬ ಹೆಂಗಸನ್ನು ಕಳ್ಳಿ ಮಾಡಿದವನು ನಾನು. ಅವರು ಏನನ್ನೂ ಕದ್ದಿರಲಿಲ್ಲ, ಅದು ನನಗೆ ಆ ಹೊತ್ತಿನಲ್ಲೇ ಗೊತ್ತಿತ್ತು. ಆಮೇಲೆ ತಿಳಿಯಿತು, ಅಷ್ಟರಲ್ಲಿ ಕಾಲ ಮಿಂಚಿತ್ತು ಎಂದು ಬರೆಯಲು ಕೈ ತುರಿಸುತ್ತಿದೆ — ಹಾಗೆ ಬರೆದರೆ ನನಗೆ ಎಷ್ಟು ಅನುಕೂಲ. ಆದರೆ ಆಗಲೇ ಗೊತ್ತಿತ್ತು. ಎರಡು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ನನ್ನ ಕೆಲಸ ಕಟ್ಟಡಗಳ ಶಾಖ ನೋಡುವುದು. ಥರ್ಮಲ್ ಕ್ಯಾಮೆರಾದಲ್ಲಿ ಗೋಡೆಯ ಬಣ್ಣ ಕಾಣುವುದಿಲ್ಲ, ಗೋಡೆಯ ಬಿಸಿ ಕಾಣುತ್ತದೆ. ತಣ್ಣಗಿರುವ ಜಾಗ ನೇರಳೆ, ಬಿಸಿ ಇರುವ ಜಾಗ ಹಳದಿ. ಏಸಿಯ ತಂಪು ಯಾವ ಕಿಟಕಿಯ ಸಂದಿಯಲ್ಲಿ ಸೋರಿಹೋಗುತ್ತಿದೆ, ಯಾವ ತಾರಸಿ ಬಿಸಿಲನ್ನು ಮನೆಯೊಳಗೆ ಇಳಿಸುತ್ತಿದೆ, ಕರೆಂಟು ಎಲ್ಲಿ ಸುಮ್ಮನೆ ಪೋಲಾಗುತ್ತಿದೆ — ಇದನ್ನೆಲ್ಲ ಹುಡುಕಿ ವರದಿ ಬರೆದುಕೊಡುತ್ತೇನೆ. ಇರುವುದು ಬಿಟಿಎಂ ಲೇಔಟಿನ ಒಂದು ಬಾಡಿಗೆ ಕೋಣೆಯಲ್ಲಿ. ಊರು ಗದಗದ ಹತ್ತಿರ.

ಜೆ.ಪಿ. ನಗರದ ನಾಲ್ಕು ಮಹಡಿಯ ಅಪಾರ್ಟ್‌ಮೆಂಟೊಂದರಿಂದ ಕರೆ ಬಂತು. ಅಲ್ಲಿ ತಾರಸಿಯ ಮೇಲೆ ಎಲ್ಲ ಮನೆಗಳಿಗೂ ಸೇರಿ ಒಂದೇ ಸೋಲಾರ್ ಬಿಸಿನೀರಿನ ಟ್ಯಾಂಕು. ಬಿಸಿಲು ಸಾಲದ ದಿನ ನೀರು ಕಾಯಿಸಲು ಅದರೊಳಗೊಂದು ಕರೆಂಟಿನ ಕಾಯಿಲ್. ಎಲ್ಲರಿಗೂ ಸೇರಿದ ಮೀಟರಿನ ಬಿಲ್ಲು ತಿಂಗಳಿಂದ ತಿಂಗಳಿಗೆ ಏರುತ್ತಿತ್ತು, ಯಾಕೆಂದು ಯಾರಿಗೂ ಹೊಳೆದಿರಲಿಲ್ಲ. ಅಸೋಸಿಯೇಷನ್ನಿನ ಸೆಕ್ರೆಟರಿ ನಿವೃತ್ತ ಅಧಿಕಾರಿ. ನನ್ನನ್ನು ಗೇಟಿನ ಹೊರಗೆ ಅರ್ಧ ಗಂಟೆ ನಿಲ್ಲಿಸಿ, ಆಮೇಲೆ ಬಂದು, "ಇದೆಲ್ಲ ಶೋಕಿ ಕಣ್ರೀ. ಅಳಿಯ ಹೇಳಿದ ಅಂತ ಕರೆಸಿದೀನಿ ಅಷ್ಟೆ," ಅಂದರು. ನನಗೆ ಅವಮಾನವಾಯಿತು. ಆ ಅವಮಾನವನ್ನು ಇಲ್ಲಿ ಹೇಳುತ್ತಿರುವುದು ನೆವವಾಗಿ ಅಲ್ಲ, ಅದು ಇತ್ತು ಎಂಬುದಕ್ಕೆ ಮಾತ್ರ.

ಕೆಳಗೆ, ಪಂಪಿನ ಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಶಾಂತವ್ವ ಇದ್ದರು. ಗಂಡ ಅಲ್ಲಿ ವಾಚ್‌ಮನ್ ಆಗಿದ್ದವರು, ತೀರಿಕೊಂಡು ಮೂರು ವರ್ಷವಾಗಿತ್ತು. ಗಂಡ ಹೋದ ಮೇಲೂ ಮೆಟ್ಟಿಲು ಗುಡಿಸುವುದು, ನೀರು ಬಿಡುವುದು ಮಾಡಿಕೊಂಡು ಅದೇ ಕೋಣೆಯಲ್ಲಿ ಉಳಿದಿದ್ದರು. ಅಪಾರ್ಟ್‌ಮೆಂಟಿನವರೆಲ್ಲ ಅವರನ್ನು ಶಾಂತಮ್ಮ ಅನ್ನುತ್ತಿದ್ದರು. ಮೀಟರ್ ಎಲ್ಲಿದೆ ಎಂದು ಅವರು ತೋರಿಸಿದಾಗ ನನ್ನ ಬಾಯಿಂದ ಊರಿನ "ಹೌದ್ರಿ" ಜಾರಿತು. ಅವರು ತಿರುಗಿ ನಿಂತರು.

"ಯಾವೂರಪಾ ನಿಂದು?"

"ಗದಗ ಹತ್ರ ರೀ."

"ನಮ್ಮ ಕಡೀಯಾಂವ ಅದೀಯಲ್ಲೋ ತಮ್ಮಾ. ನಂದು ಬದಾಮಿ. ಬಾ ಒಳಗ, ಚಾ ಕುಡದ ಹೋಗು."

ಒಳಗೆ ಕೂತೆ. ಬಾಗಿಲ ಹಿಂದೆ ಮೊಳೆಗೆ ಒಂದು ದೊಡ್ಡ ಕೀಗೊಂಚಲು. ಎಲ್ಲ ಮನೆಗಳವರೂ ಊರಿಗೆ ಹೋಗುವಾಗ ಕೀ ಇವರ ಕೈಗೇ ಕೊಡುತ್ತಿದ್ದರಂತೆ. ಕೆಲವರು ತಿರುಗಿ ಇಸಕೊಳ್ಳುವುದನ್ನೇ ಬಿಟ್ಟಿದ್ದರಂತೆ. "ಒಂದ ಚಮಚಾನೂ ಆಕಡಿ ಈಕಡಿ ಆಗಿಲ್ಲ ನೋಡು," ಅಂದರು, ಹೆಮ್ಮೆಯಿಂದಲೇ. ನನ್ನ ಕೈಯಲ್ಲಿದ್ದ ಕ್ಯಾಮೆರಾ ಏನು ಮಾಡುತ್ತದೆ ಎಂದು ಕೇಳಿದರು. ಗೋಡೆಯೊಳಗಿನ ಬಿಸಿ ನೋಡುತ್ತದೆ ಅಂದೆ.

"ಹಂಗಾರ ಈ ಗ್ವಾಡಿ ನೋಡು. ಚಳಿಗಾಲದಾಗೂ ಬೆಚ್ಚಗ ಇರತೈತಿ. ಬೆನ್ನು ನೋಯಾಕತ್ರ ಇದಕ್ಕ ಆನ್ಕೊಂಡು ಕುಂದರ್ತೀನಿ."

ಅವರೇ ಹೇಳಿದ್ದು. ಅವರು ಹೇಳದಿದ್ದರೆ ನಾನು ಆ ಗೋಡೆಯ ಕಡೆ ತಿರುಗುತ್ತಲೇ ಇರಲಿಲ್ಲ.

ಕ್ಯಾಮೆರಾ ಹಿಡಿದೆ. ಮೇಲಿನಿಂದ ನೆಲದವರೆಗೆ ಒಂದು ಹಳದಿ ಪಟ್ಟಿ ಇಳಿದಿತ್ತು, ಕೆಳಗೆ ಬಂದು ಅಗಲವಾಗಿ ಹರಡಿತ್ತು. ವೈರು ಬಿಸಿಯಾದರೆ ನೂಲಿನಷ್ಟು ತೆಳ್ಳಗೆ ಕಾಣುತ್ತದೆ. ಇದು ಅಂಗೈ ಅಗಲ ಇತ್ತು, ಅಂಚು ಮೆತ್ತಗಿತ್ತು — ನೋಡಿದ ಕೂಡಲೇ ತಿಳಿಯಿತು, ಬಿಸಿನೀರಿನ ಪೈಪು. ತಾರಸಿಯ ಟ್ಯಾಂಕಿನಿಂದ ಇಳಿದು ಈ ನೆಲದಡಿ ಎಲ್ಲೋ ಒಡೆದು ಹಗಲೂ ರಾತ್ರಿ ಮಣ್ಣಿಗೆ ಸೋರುತ್ತಿತ್ತು. ಮೇಲೆ ಕಾಯಿಲ್ ಪಾಪ, ಹೋದ ನೀರಿಗೆ ಬದಲು ಹೊಸ ನೀರು ಕಾಯಿಸುತ್ತಲೇ ಇತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ, ಚಹಾ ಅರ್ಧಕ್ಕೆ ಬಿಟ್ಟು ಹೊರಗೆ ಓಡಿ ಸೆಕ್ರೆಟರಿಯನ್ನು ಕರೆದೆ. ಅವರ ಜೊತೆ ಕಮಿಟಿಯವರೂ ನಾಲ್ಕೈದು ಜನ ಬಂದರು.

ಪರದೆ ತೋರಿಸುತ್ತಾ ನಾನು ಹೇಳಿದ್ದು ಇಷ್ಟು: "ಮೇಲಿಂದ ಒಂದು ಲೈನ್ ಈ ರೂಮಿಗೆ ಬಂದಿದೆ ಸಾರ್. ಲಾಸ್ ಆಗ್ತಿರೋದು ಇಲ್ಲೇ."

ನಮ್ಮ ಕೆಲಸದಲ್ಲಿ ಪೈಪಿಗೂ ಲೈನ್ ಅನ್ನುತ್ತೇವೆ, ವೈರಿಗೂ ಲೈನ್ ಅನ್ನುತ್ತೇವೆ. ಆದರೆ ಕರೆಂಟಿನ ಬಿಲ್ಲು ಹಿಡಿದುಕೊಂಡು ನಿಂತವರ ಕಿವಿಗೆ ಲೈನ್ ಅಂದರೆ ಒಂದೇ.

"ಲೈನ್ ಎಳ್ಕೊಂಡಿದಾಳೆ ಅನ್ನಿ," ಅಂದರು ಸೆಕ್ರೆಟರಿ. "ನಾನು ಮೊದ್ಲೇ ಹೇಳಿರ್ಲಿಲ್ವಾ? ಒಲೆ ಹಚ್ಚಿದ್ದೇ ನೋಡಿಲ್ಲ ನಾನು. ಕರೆಂಟ್ ಸ್ಟವ್ ಇಟ್ಕೊಂಡಿರ್ತಾಳೆ." ನನ್ನ ಬೆನ್ನು ತಟ್ಟಿದರು. "ಸಖತ್ ಮೆಷಿನ್ ರೀ ನಿಮ್ದು. ನಮ್ ಕಸಿನ್ ಅಪಾರ್ಟ್‌ಮೆಂಟ್ಗೂ ಕಳಿಸ್ತೀನಿ ನಿಮ್ಮನ್ನ."

ಆಗ ನಾನು ಹೇಳಬೇಕಿದ್ದದ್ದು ಒಂದೇ ಪದ. ನೀರಿನ. ನೀರಿನ ಲೈನ್ ಸಾರ್ — ಅಷ್ಟೆ. ಮೂರಕ್ಷರ. ಬಾಯಿಯವರೆಗೆ ಬಂತು ಎಂದು ಬರೆಯಲಾರೆ, ಬಂದಿತ್ತೋ ಇಲ್ಲವೋ ಈಗ ನನಗೇ… ಬೆನ್ನ ಮೇಲಿನ ಆ ಕೈ ಹಿತವಾಗಿತ್ತು, ಅದು ಮಾತ್ರ ನೆನಪಿದೆ. ಐದು ಜನ ಹಿರಿಯರ ಮುಂದೆ, ಈಗ ತಾನೇ ನನ್ನನ್ನು ಮನುಷ್ಯನೆಂದು ಕಂಡ ಸೆಕ್ರೆಟರಿಗೆ, ನೀವು ತಪ್ಪು ತಿಳಿದಿರಿ ಅನ್ನಲು ಮನಸ್ಸು ಒಪ್ಪಲಿಲ್ಲ. ವರದಿಯಲ್ಲಿ ಸರಿಯಾಗಿ ಬರೆದರಾಯಿತು ಎಂದು ನನಗೆ ನಾನೇ ತಿಪ್ಪೆ ಸಾರಿಸಿಕೊಂಡೆ.

ಶಾಂತವ್ವ ಬಾಗಿಲಲ್ಲಿ ನಿಂತಿದ್ದರು. "ಯಾವ ಲೈನ್ರೀ ಸಾರ್? ನಾ ಏನೂ ಎಳದಿಲ್ರೀ."

"ಕ್ಯಾಮೆರಾ ಸುಳ್ಳು ಹೇಳತ್ತಾ ಶಾಂತಮ್ಮ?"

ಶಾಂತವ್ವ ಸೆಕ್ರೆಟರಿಯಿಂದ ಮುಖ ತಿರುಗಿಸಿದರು. ನನ್ನನ್ನು ನೋಡಿದರು. "ತಮ್ಮಾ, ಅದರಾಗ ಹಂಗ ಕಾಣಸ್ತೈತೇನು?"

"ಹೂಂ ಅಕ್ಕಾ," ಅಂದೆ. "ಕಾಣಸ್ತೈತಿ."

ಕಾಣುತ್ತಿದ್ದದ್ದು ನಿಜ. ಒಂದು ಲೈನು ಕಾಣುತ್ತಿತ್ತು. ಆ ನಿಜದ ಹಿಂದೆ ಅಡಗಿಕೊಂಡು, ಅದೂ ನಮ್ಮೂರ ಮಾತಿನಲ್ಲೇ ಹೇಳಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟೆ. ಗೇಟು ದಾಟುವಾಗ ಮೇಲಿನ ಮನೆಯ ಮೇಡಂ ಒಬ್ಬರು ಮೆಟ್ಟಿಲಿಳಿದು ಬಂದು, "ಶಾಂತಮ್ಮ, ನಮ್ಮನೆ ಕೀ ಕೊಟ್ಬಿಡಿ," ಎನ್ನುವುದು ಕೇಳಿಸಿತು. ಅವರ ಹಿಂದೆ ಇನ್ನೊಬ್ಬರು ಇಳಿಯುತ್ತಿದ್ದರು.

ವರದಿ ಬರೆದೆ. ಹತ್ತೊಂಬತ್ತನೇ ಪುಟದಲ್ಲಿ, ಇಂಗ್ಲಿಷಿನಲ್ಲಿ, ನೆಲಮಹಡಿಯ ಬಿಸಿನೀರಿನ ಪೈಪು ಒಡೆದಿದೆ, ದುರಸ್ತಿ ಆಗಬೇಕು ಎಂದು ಚೊಕ್ಕವಾಗಿ ಬರೆದೆ. ಹೆಂಗಸಿನ ಹೆಸರಿಲ್ಲ, ನನ್ನ ಮಾತಿನ ಸುದ್ದಿ ಇಲ್ಲ. ನಾಲ್ಕನೇ ದಿನ ಕಳಿಸಿದೆ. ಶಾಂತವ್ವ ಎರಡನೇ ದಿನವೇ ಕೋಣೆ ಬಿಟ್ಟಿದ್ದರಂತೆ.

ಎರಡು ವರ್ಷವಾದ ಮೇಲೆ, ಕಳೆದ ತಿಂಗಳು, ಜರಗನಹಳ್ಳಿಯ ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಯಾರೋ "ಕ್ಯಾಮೆರಾ ತಮ್ಮಾ" ಎಂದು ಕೂಗಿದರು. ತಿರುಗಿದರೆ ಅವರೇ. ಸೊರಗಿದ್ದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಬದುಕುತ್ತಿದ್ದೆ. ಕೈ ಹಿಡಿದು ಹಿಂದಿನ ಗಲ್ಲಿಯ ಬಾಡಿಗೆ ಕೋಣೆಗೆ ಕರೆದುಕೊಂಡು ಹೋಗಿ ಮತ್ತೆ ಚಹಾ ಇಟ್ಟರು. ಈಗ ಒಂದು ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೆಯುತ್ತಾರಂತೆ. ಮನೆಗೆಲಸಕ್ಕೆ ಯಾರೂ ಕರೆಯುವುದಿಲ್ಲವಂತೆ, ಹಳೇ ಕಡೆ ವಿಚಾರಿಸಿದರೆ ಒಂದೇ ಮಾತು ಸಿಗುತ್ತದಲ್ಲ. "ಅಡಿಕೆಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ," ಅಂದರು. ಆಮೇಲೆ ದನಿ ತಗ್ಗಿಸಿದರು.

"ನಿನಗೊಂದ ಹೇಳ್ತೀನಿ ತಮ್ಮಾ. ನಾ ಎಳದಿಲ್ಲ. ಕ್ಯಾಮೆರಾ ಸುಳ್ಳ ಹೇಳೂದಿಲ್ಲ, ನೀನೂ ಹೇಳೂದಿಲ್ಲ. ಅಂದಮ್ಯಾಲ ನಮ್ಮ ಮನಿಯವರ ಎಳದಿರಬೇಕು. ನನಗ ಒಂದ ಮಾತ ಹೇಳಲಿಲ್ಲ ನೋಡು. ಸತ್ತ ಮ್ಯಾಲೂ ಮಾನ ಕಳದ್ರು. ಅದಕ್ಕ ಅವರ ಹೆಸರಿಗೆ ಎಡಿ ಹಿಡಿಯೂದು ಬಿಟ್ಟೀನಿ."

ಸತ್ತವರಿಗೆ ವರ್ಷಕ್ಕೊಮ್ಮೆ ಇಡುವ ಒಂದು ಎಲೆ ಅನ್ನ. ಅದನ್ನೂ ನಾನು ತಪ್ಪಿಸಿದ್ದೆ.

ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. "ಅಕ್ಕಾ" ಅಂದೆ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟರು, ತಂದು ತಿಂದೆ ಕೂಡ. ಮರುದಿನ ಸೆಕ್ರೆಟರಿಗೆ ಫೋನ್ ಮಾಡಿದೆ. ಬಿಲ್ಲು ಹೇಗಿದೆ ಎಂದು ಕೇಳಿದೆ.

"ಆವಾಗ್ಲೇ ಪೈಪ್ ರಿಪೇರಿ ಮಾಡಿಸಿದ್ವಲ್ಲ, ಇಳೀತು. ಥ್ಯಾಂಕ್ಸ್ ರೀ."

"ಹಾಗಾದ್ರೆ ಸಾರ್, ಶಾಂತಮ್ಮ…"

"ಅವಳದ್ದು ಬೇರೆ, ಪೈಪ್ ಬೇರೆ. ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?"

ಹಾಗಾದರೆ ಇಡೀ ಲೋಕದಲ್ಲಿ ಎರಡೂ ಒಂದೇ ಎಂದು ಬಲ್ಲವನು ನಾನೊಬ್ಬನೇ. ಅಲ್ಲ ಸಾರ್, ಎರಡೂ ಒಂದೇ ಅಂದೆ. ಮೀಟಿಂಗ್ ಇದೆ ಎಂದು ಅವರು ಫೋನ್ ಇಟ್ಟರು.

ಮೊನ್ನೆ ಭಾನುವಾರ ಬೆಳಿಗ್ಗೆ ಜರಗನಹಳ್ಳಿಗೆ ಹೋದೆ. ಆವತ್ತಿನ ಚಿತ್ರವನ್ನು ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದೆ. ನೆಲದ ಮೇಲೆ ಇಟ್ಟು, ಇದು ನೀರಿನ ಪೈಪು ಅಕ್ಕಾ, ವೈರು ಅಲ್ಲ, ಯಾರೂ ಏನೂ ಎಳೆದಿರಲಿಲ್ಲ ಅಂದೆ. ಆ ಹಳದಿ ಪಟ್ಟಿಯ ಮೇಲೆ ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿದರು.

"ಆವತ್ತ ಗೊತ್ತಿತ್ತೇನು ನಿನಗ?"

"ಗೊತ್ತಿತ್ತು."

"ಮೊನ್ನೆ ಚಾ ಕುಡಿಯೂಮುಂದ?"

"ಆವಾಗೂ ಗೊತ್ತಿತ್ತು ಅಕ್ಕಾ."

ನನ್ನನ್ನು ಒಂದು ಮಾತೂ ಬೈಯಲಿಲ್ಲ. "ಎರಡು ವರ್ಷ," ಅಂದರು. "ಎರಡು ವರ್ಷ ದಿನಾ ಅವರನ್ನ ಬೈದೇನಲ್ಲೋ." ಆಮೇಲೆ ಅತ್ತರು. ನಾನು ಅಲ್ಲೇ ಕೂತಿದ್ದೆ, ಕ್ಷಮಿಸಿ ಎಂದು ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ.

ಕೊನೆಗೆ ಎದ್ದು ಟ್ರಂಕಿನಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಒಂದು ಕಾಗದ ತಂದು ನನ್ನ ಮುಂದೆ ಇಟ್ಟರು. ಗಂಡನ ಮರಣ ಪ್ರಮಾಣಪತ್ರ.

"ಅವರ ಹೆಸರು ನಾ ಬಾಯಿಲೆ ಹೇಳಂಗಿಲ್ಲ. ನೀ ಓದಕೋ. ಓದಿ, ಮಂದಿ ಮುಂದ ಹೆಸರ ಹಿಡದ ಹೇಳು. ಈಗ ಹೋಗು."

ಬರುವ ಭಾನುವಾರ ಆ ಅಪಾರ್ಟ್‌ಮೆಂಟಿನವರ ಸಭೆ ಇದೆ. ಹೋಗಿ ನಿಂತು ಹೇಳುತ್ತೇನೆ, ಕೇಳುತ್ತಾರೋ ಗೇಟಿನಿಂದಲೇ ಕಳಿಸುತ್ತಾರೋ ತಿಳಿಯದು. ಅದಕ್ಕೆ ಮೊದಲು ನಿಮ್ಮ ಮುಂದೆ ಹೇಳುತ್ತಿದ್ದೇನೆ. ಅವರ ಹೆಸರು ಮಲ್ಲಪ್ಪ. ಎಂಟು ವರ್ಷ ಆ ಗೇಟು ಕಾದವರು. ಮಲ್ಲಪ್ಪನವರು ಏನನ್ನೂ ಕದ್ದಿರಲಿಲ್ಲ.