ಮನೆ ಸಾಲು, ಪೇಟೆ ಸಾಲು

ಪ್ರತಿ ರವಿವಾರ ಬೆಳಿಗ್ಗೆ ಶೇಡಬಾಳದಿಂದ ನಮ್ಮ ಮನೆಗೆ ಒಂದು ಬಾಕ್ಸ್ ತರಕಾರಿ ಬರುತ್ತದೆ. ಅಲ್ಲಿ ಗಂಡ ಹೆಂಡತಿ ಇಬ್ಬರೇ ಸೇರಿ ಔಷಧ ಹೊಡೆಯದೆ ಬೆಳೆದು, ಕಾಗವಾಡದ ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಕಳಿಸುತ್ತಾರೆ. ಗಂಡ ಮೋಟರ್‌ಸೈಕಲ್ ಮೇಲೆ ತಂದಿಟ್ಟು ಹೋಗುತ್ತಾನೆ. ಬಾಕ್ಸಿನಲ್ಲಿ ಏನಿದೆ ಎಂದು ಮೊದಲೇ ಹೇಳುವುದಿಲ್ಲ. ಆರು ವರ್ಷದ ನನ್ನ ಮಗಳಿಗೂ ನಾಲ್ಕು ವರ್ಷದ ಮಗನಿಗೂ ಅದೇ ದೊಡ್ಡ ಆಟ. ಮುಚ್ಚಳ ತೆಗೆಯುವ ಮೊದಲು ಮೂಗು ಹಚ್ಚಿ ವಾಸನೆ ನೋಡಿ, ಇವತ್ತು ಮೂಲಂಗಿ, ಇವತ್ತು ಮೆಂತ್ಯ ಎಂದು ಪಂತ ಕಟ್ಟುತ್ತಾರೆ. ಗಜ್ಜರಿ ಬಂದರಂತೂ ಮಣ್ಣನ್ನು ಅಂಗಿಗೆ ಒರೆಸಿ ಅಲ್ಲೇ ಕಚ್ಚಿಬಿಡುತ್ತಾರೆ.

ನಾನು ಕಸಿದುಕೊಳ್ಳುತ್ತಿದ್ದೆ. ಮೊದಲ ನಾಲ್ಕು ತಿಂಗಳು ಹೀಗೇ ನಡೆಯಿತು. ಔಷಧ ಹೊಡೆದಿಲ್ಲ ಎಂದು ನಂಬಿಯೇ ತರಿಸಿದ್ದು, ತರಿಸಿದ ಮೇಲೆ ನಂಬಲಿಲ್ಲ. ಅರಿಷಿಣ ಉಪ್ಪು ಹಾಕಿದ ನೀರಿನಲ್ಲಿ ಒಂದೊಂದನ್ನೂ ನೆನೆಹಾಕುತ್ತಿದ್ದೆ. ಬದನೆಕಾಯಿ ನುಣ್ಣಗಿದ್ದರೆ ಇದು ಮಿರಜ್ ಪೇಟೆಯದೇ ಅನ್ನಿಸುತ್ತಿತ್ತು. ತೂತು ಬಿದ್ದಿದ್ದರೆ, ನಮ್ಮಂಥವರನ್ನು ನಂಬಿಸಲು ಸೂಜಿಯಿಂದ ಚುಚ್ಚಿರಬೇಕು ಅನ್ನಿಸುತ್ತಿತ್ತು. ಒಂದು ದಿನ ಒಳಗಿನಿಂದ ಹುಳವೇ ಹೊರಬಂತು. ಮಕ್ಕಳು ಕುಣಿದಾಡಿದರು. ನಾನು ಮಾತ್ರ, ಒಂದು ಹುಳದಿಂದ ಏನು ಸಾಬೀತಾಯಿತು ಎಂದೆ.

"ನಿನಗ ಹುಳಾ ಬಂದರೂ ಸಂಶಯ, ಬರದಿದ್ದರೂ ಸಂಶಯ," ಎಂದು ನಮ್ಮ ಯಜಮಾನರು ನಕ್ಕರು.

ಅವರು ನಗಬಾರದಿತ್ತು. ನನ್ನ ಸಂಶಯ ಹುಟ್ಟಿದ್ದೇ ಅವರ ದ್ರಾಕ್ಷಿ ತೋಟದಲ್ಲಿ. ಹೇಳಿಕೊಳ್ಳಲು ಮನಸ್ಸಿಲ್ಲ, ಆದರೂ ಹೇಳುತ್ತೇನೆ. ನಮ್ಮ ಹೊಲವೆಲ್ಲ ದ್ರಾಕ್ಷಿ ಮತ್ತು ಕಬ್ಬು, ಒಂದು ಮೆಣಸಿನ ಗಿಡ ಊರಲೂ ಜಾಗವಿಲ್ಲ. ಆದರೆ ಬಾವಿಯ ಪಕ್ಕದ ಕೊನೆಯ ಸಾಲಿಗೆ ನಾವು ಕಾಯಿ ಕಟ್ಟಿದ ಮೇಲೆ ಔಷಧ ಹೊಡೆಯುವುದಿಲ್ಲ. ಹಣ್ಣು ಸಣ್ಣವು, ಮೈಮೇಲೆ ಚುಕ್ಕೆ, ಅರ್ಧ ಗೊನೆ ಹಾಳಾಗುತ್ತದೆ. ಅದು ಮನೆ ಸಾಲು. ಉಳಿದದ್ದೆಲ್ಲ ಪೇಟೆ ಸಾಲು. ಪೇಟೆ ಹಣ್ಣನ್ನೂ ಔಷಧ ಹೊಡೆದ ಮೇಲೆ ಬಿಡಬೇಕಾದಷ್ಟು ದಿನ ಬಿಟ್ಟೇ ಕೊಯ್ಯುತ್ತೇವೆ, ಮೋಸವೇನೂ ಇಲ್ಲ. ಆದರೂ ನಮ್ಮ ಮಕ್ಕಳಿಗೆ ನಡೆಯಲು ಬಂದಾಗಿನಿಂದ ಹೇಳಿಕೊಟ್ಟ ಮೊದಲ ಪಾಠವೇ ಅದು: ಬಾವಿ ಕಡೆಯದನ್ನಷ್ಟೇ ತಿನ್ನಬೇಕು. ಹೀಗಿರುವಾಗ ಶೇಡಬಾಳದವರಿಗೂ ಒಂದು ಮನೆ ಸಾಲು ಇದ್ದೇ ಇರುತ್ತದೆ, ನಮಗೆ ಬರುವುದು ಅದಲ್ಲ ಎಂಬುದು ನನ್ನ ಲೆಕ್ಕ.

ಕಳೆದ ಬೇಸಿಗೆಗೆ ಮೊದಲು ಒಂದು ರವಿವಾರ ಮೆಂತ್ಯದ ಕಟ್ಟಿಗೆ ನೀಲಿ ಪ್ಲಾಸ್ಟಿಕ್ ಸುತಳಿ ಸುತ್ತಿತ್ತು. ಅಲ್ಲಿಯವರೆಗೆ ಬಾಳೆಯ ನಾರಿನಿಂದ ಕಟ್ಟಿರುತ್ತಿತ್ತು. ಪೇಟೆಯ ಸೊಪ್ಪಿಗೆ ಕಟ್ಟುವುದು ಇಂಥದೇ ಸುತಳಿ. ಕಳ್ಳ ಸಿಕ್ಕಿಬಿದ್ದ ಎಂದು ನನಗೆ ಒಳಗೊಳಗೇ ಖುಷಿಯೂ ಆಯಿತು. ಬುಧವಾರ ಹೇಳದೆ ಕೇಳದೆ ಮಕ್ಕಳನ್ನು ಕರೆದುಕೊಂಡು ಶೇಡಬಾಳಕ್ಕೆ ಹೊರಟೆ. ಬರಿಗೈಯಲ್ಲಿ ಹೋಗಬಾರದಲ್ಲ, ಕೊಯ್ಲು ನಡೆದಿತ್ತು, ಒಂದು ಬಾಕ್ಸ್ ದ್ರಾಕ್ಷಿ ಹಿಡಿದುಕೊಂಡೆ. ಉದ್ದುದ್ದ, ಹೊಳೆಯುವ ಹಣ್ಣು. ಕೊಡಲು ಚೆನ್ನಾಗಿ ಕಾಣುತ್ತದೆ ಎಂದು ಅದನ್ನೇ ಆರಿಸಿದೆ. ಬೇರೆ ಯೋಚನೆಯೇ ಬರಲಿಲ್ಲ.

ಹೆಂಡತಿ ತರಕಾರಿ ಮಡಿಯಲ್ಲಿ ಕೂತು ಕಳೆ ತೆಗೆಯುತ್ತಿದ್ದಳು. ಮೂರು ವರ್ಷದ ಮಗ ಪಕ್ಕದಲ್ಲಿ ಮಣ್ಣಾಡುತ್ತಿದ್ದ. "ಬರ್ರಿ ವೈನಿ, ಫೋನ್ ಮಾಡಿದ್ರ ಚಹಾಕ್ಕ ಇಡತಿದ್ನೆಲ್ರಿ," ಎಂದು ಎದ್ದಳು. ನಾನು ಸುತ್ತಲೂ ಕಣ್ಣಾಡಿಸಿದೆ. ಮೆಂತ್ಯ ಇತ್ತು, ಗಜ್ಜರಿ ಇತ್ತು, ಎಲೆಗಳಲ್ಲಿ ತೂತು ಬೇಕಾದಷ್ಟಿದ್ದವು. ಮಾತಿನ ನಡುವೆ ಸುತಳಿಯ ವಿಷಯ ತೆಗೆದೆ.

"ನಾರು ತೀರಿತ್ರಿ. ನೀರಿನ ಪೈಪಿನ ಸಿಂಬಿಗೆ ಕಟ್ಟಿ ಬಂದಿತ್ತಲ್ರಿ, ಅದನ್ನ ಬಿಚ್ಚಿ ಕಟ್ಟೇನಿ," ಎಂದು ಗೋಡೆಯ ಮೊಳೆ ತೋರಿಸಿದಳು. ಅದೇ ನೀಲಿ ಸುತಳಿ ಅಲ್ಲಿ ನೇತಾಡುತ್ತಿತ್ತು.

ಅಷ್ಟಕ್ಕೇ ಬಿಡುವವಳಲ್ಲ ನಾನು. "ಅಕ್ಕಾರ, ನಿಮ್ಮ ಮನಿಗೆ ಅಂತ ಬ್ಯಾರೆ ಮಡಿ ಮಾಡೀರೇನ್ರಿ?"

ಆಕೆಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ. "ಬ್ಯಾರೆ ಯಾಕ ಬೇಕ್ರಿ? ಬಾಕ್ಸಿಗೆ ತುಂಬಿ ಉಳದದ್ದ ನಾವ್ ತಿಂತೀವಿ," ಎಂದಳು.

ಅಷ್ಟರಲ್ಲಿ ಅವಳ ಮಗ ನಾನು ತಂದ ಬಾಕ್ಸ್ ತೆರೆದು ಒಂದು ದ್ರಾಕ್ಷಿ ಕಿತ್ತು ಬಾಯಿಗೆ ಒಯ್ಯುತ್ತಿದ್ದ. ನನ್ನ ಮಗಳು ಓಡಿಹೋಗಿ ಅವನ ಕೈ ಹಿಡಿದಳು.

"ತಿನಬ್ಯಾಡ. ಅವು ಪ್ಯಾಟಿ ಸಾಲಿನವು. ನಾವು ತಿನ್ನೂದಿಲ್ಲ."

ಬುದ್ಧಿವಂತ ಹುಡುಗಿ, ಕಲಿಸಿದ್ದನ್ನು ಮರೆಯುವವಳಲ್ಲ. ಹುಡುಗನ ತಾಯಿ ಒಮ್ಮೆ ನನ್ನ ಮಗಳನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಬೈಯಲಿಲ್ಲ. ಮಗನ ಮುಷ್ಟಿ ಬಿಡಿಸಿ ಹಣ್ಣು ತೆಗೆದುಕೊಂಡು, "ತೊಳದು ಕೊಡ್ತೇನಿ, ತಡಿ," ಎಂದು ಬಾಕ್ಸನ್ನು ಒಳಗೆ ಒಯ್ದಳು. ಹೊರಗೆ ಬಂದಾಗ ಅವಳ ಕೈಯಲ್ಲಿ ಚಹಾ ಇತ್ತು, ದ್ರಾಕ್ಷಿ ಇರಲಿಲ್ಲ. ನಾನು ತಲೆ ತಗ್ಗಿಸಿ ಚಹಾ ಕುಡಿದೆ. ನಾಲ್ಕು ತಿಂಗಳು ಅವಳ ಮೇಲೆ ಹೊರಿಸಿದ್ದನ್ನು ನಾನೇ ಕೈಯಾರೆ ಅವಳ ಮನೆಗೆ ತಂದುಕೊಟ್ಟಿದ್ದೆ.

ಮುಂದಿನ ರವಿವಾರ ಬಾಕ್ಸ್ ಬರಲಾರದು ಅಂದುಕೊಂಡಿದ್ದೆ. ಬಂತು. ಎಂದಿನಷ್ಟೇ ತುಂಬಿತ್ತು, ಮೇಲೆ ನಾಲ್ಕು ಗಜ್ಜರಿ. ಮಕ್ಕಳು ಅಂಗಿಗೆ ಒರೆಸಿ ಕಚ್ಚಿದರು, ನಾನು ಸುಮ್ಮನೆ ನೋಡುತ್ತ ನಿಂತೆ. ಆಮೇಲೆ ಬಾಕ್ಸ್ ತಂದವನನ್ನು ನಿಲ್ಲಿಸಿ, ಮಗಳೊಂದಿಗೆ ಬಾವಿಯ ಕಡೆ ಹೋಗಿ, ಇದ್ದುದರಲ್ಲೇ ಒಳ್ಳೆಯ ಗೊನೆಗಳನ್ನು ಕತ್ತರಿಸಿ ಒಂದು ಚೀಲ ತುಂಬಿ ಕೊಟ್ಟೆ. ಸಣ್ಣವು, ಚುಕ್ಕೆಯವು.

ಮಧ್ಯಾಹ್ನ ಫೋನ್ ಬಂತು. "ವೈನಿ, ಇವು ಯಾವ ಸಾಲಿನವ್ರಿ?"

"ಮನಿ ಸಾಲಿನವ್ರಿ ಅಕ್ಕಾರ. ನನ್ನ ಮಕ್ಕಳ ಆಣಿ, ಖರೇನ್ರಿ."

ಆಕೆಯೂ ಅಷ್ಟಕ್ಕೇ ಬಿಡಲಿಲ್ಲ.

"ಹಂಗಾರ ಒಂಚೂರು ಮಗಳ ಕೈಯಾಗ ಫೋನ್ ಕೊಡ್ರಿ."

ಕೊಟ್ಟೆ. ಮಗಳು ಕೇಳಿಸಿಕೊಂಡು, ನನ್ನ ಮುಖವನ್ನೂ ನೋಡದೆ, "ಹೂಂ ಕಾಕು, ಬಾವಿ ಕಡೇದವ. ನಾವೂ ಅವನ್ನ ತಿಂತೇವಿ," ಎಂದಳು. ಆಮೇಲೆಯೇ, ದ್ರಾಕ್ಷಿ ತಿನ್ನಲು ಬಾ ಎಂದು ಆಕೆ ತನ್ನ ಮಗನನ್ನು ಕರೆದದ್ದು ಫೋನಿನಲ್ಲಿ ಕೇಳಿಸಿತು.