ಹಡಗಿನ ಎಡಬದಿಯ ದೀಪ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ಟ್ರ್ಯಾಕ್ಟರ್ ವಿಷಯದಲ್ಲಿ ಯಾರಿಂದಲೂ ಹೇಳಿಸಿಕೊಂಡವನಲ್ಲ. ಶಿರಾಳಕೊಪ್ಪದಿಂದ ಸೊರಬದವರೆಗೆ ಯಾವ ಗದ್ದೆಗೆ ಯಾವ ಕಡೆಯಿಂದ ಇಳಿಸಬೇಕು ಅಂತ ಗೊತ್ತಿರುವವನು. ಹಾಗಾಗಿ ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ಯುದ್ಧವಿಮಾನದ ಆಟ ತೋರಿಸಿದಾಗ, "ಇದೇನು ಮಹಾ, ಕೊಡಿಲ್ಲಿ" ಅಂದೆ.

ಹಾರಿಸುವುದು ಸಲೀಸು. ಸಮುದ್ರದ ನಡುವೆ ಹಡಗು, ಅದರ ಬೆನ್ನ ಮೇಲೆ ಉದ್ದನೆಯ ಅಂಗಳ. ಹಳದಿ ಅಂಗಿಯವನು ಕೈಸನ್ನೆ ಮಾಡಿ ವಿಮಾನವನ್ನು ಗೆರೆಗೆ ತಂದು ನಿಲ್ಲಿಸುತ್ತಾನೆ. ಮುಂದಿನ ಚಕ್ರ ನೆಲದ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಪೂರ್ತಿ ರೇಸ್ ಕೊಟ್ಟು ಸಲಾಮು ಹೊಡೆದರೆ ಆಯಿತು, ಆ ಕೊಂಡಿ ವಿಮಾನವನ್ನು ಕವಣೆ ಕಲ್ಲು ಬೀಸಿದ ಹಾಗೆ ಎಸೆದುಬಿಡುತ್ತದೆ.

ಇಳಿಸುವುದೇ ಕಷ್ಟ. ಅಂಗಳಕ್ಕೆ ಅಡ್ಡವಾಗಿ ಉಕ್ಕಿನ ಹಗ್ಗಗಳಿವೆ, ವಿಮಾನದ ಬಾಲದ ಕೊಕ್ಕೆ ಅವುಗಳಲ್ಲಿ ಒಂದಕ್ಕೆ ಬೀಳಬೇಕು. ಹಡಗಿನ ಎಡಬದಿಯಲ್ಲಿ ಹಸಿರು ದೀಪಗಳ ಸಾಲು, ಅದರ ನಡುವೆ ಕಿತ್ತಳೆ ಬಣ್ಣದ ಚುಕ್ಕಿ. ಚುಕ್ಕಿ ಸಾಲಿಗೆ ಸಮ ಇದ್ದರೆ ಸರಿ. ಕೆಳಗೆ ಜಾರಿತೋ, ನಾವೂ ಕೆಳಗಿದ್ದೇವೆ ಅಂತ ಅರ್ಥ. ಇನ್ನೊಂದು, ಚಕ್ರ ತಾಗಿದ ಕೂಡಲೇ ರೇಸ್ ಕಮ್ಮಿ ಮಾಡಬಾರದು, ಪೂರ್ತಿ ಕೊಡಬೇಕು. ಕೊಕ್ಕೆ ತಪ್ಪಿದರೆ ಮತ್ತೆ ಹಾರಬೇಕಲ್ಲ.

ಟ್ರ್ಯಾಕ್ಟರ್ ಹೊಡೆದ ಕೈ ಕೇಳುತ್ತದೆಯೇ? ನೆಲ ಸಿಕ್ಕಿತು ಅನ್ನುವಷ್ಟರಲ್ಲಿ ರೇಸ್ ಇಳಿಸಿಬಿಡುತ್ತಿದ್ದೆ. ಕೊಕ್ಕೆ ತಪ್ಪಿ ಸೀದಾ ಸಮುದ್ರಕ್ಕೆ.

"ಅಪ್ಪಾಜಿ, ಇದು ಕಣಕ್ಕೆ ಟ್ರೈಲರ್ ತರೋದಲ್ಲ!" ಅಂತ ಮಗಳು ನಗುತ್ತಿದ್ದಳು. ಒಳಗಿನಿಂದ ಅವಳವ್ವ, "ಎಷ್ಟನೇದು ಮುಳುಗಿಸಿದ್ದು? ಮೀನಿಗೂ ಒಂಚೂರು ಜಾಗ ಬಿಡ್ರೀ!"

ನಾಲ್ಕೈದು ಭಾನುವಾರದಲ್ಲಿ ಕೈ ಕಲಿಯಿತು. ಆದರೂ ವಿಮಾನ ಹಡಗಿನ ಹಿಂಬದಿಗೇ ಹೋಗಿ ಬಡಿಯುತ್ತಿತ್ತು. ಮಗಳು ಇನ್ನೂ ರೇಸಿನದೇ ತಪ್ಪು ಅಂದುಕೊಂಡಿದ್ದಳು. ಹಾಗೇ ಅಂದುಕೊಳ್ಳಲಿ ಅಂತ ನಾನೂ ಬಿಟ್ಟೆ. ಓದದವನು, ದಡ್ಡ ಅಂತ ಯಾರಾದರೂ ಅಂದರೆ ಜಗಳಕ್ಕೆ ನಿಲ್ಲುವ ನಾನು, ಆಗ ಆ ದಡ್ಡತನದ ಮರೆಯಲ್ಲೇ ಅಡಗಿಕೊಂಡಿದ್ದೆ.

ಒಂದು ಭಾನುವಾರ ಮಧ್ಯಾಹ್ನ, ವಿಮಾನ ಇಳಿಯುವಾಗಲೇ ಅವಳು ಆಟ ನಿಲ್ಲಿಸಿದಳು.

"ಅಪ್ಪಾಜಿ, ಚುಕ್ಕಿ ಎಲ್ಲೈತೆ ಹೇಳು."

"ನಡೂಕೈತೆ."

ಅವಳು ನಗಲಿಲ್ಲ. "ಚುಕ್ಕಿ ಪೂರ್ತಿ ಕೆಳಗೆ ಹೋಗಿ ಕೆಂಪಾಗೈತೆ. ಇಳೀಬೇಡ, ಏರು ಅಂತ ಕೆಂಪು ದೀಪಾನೂ ಹತ್ತೈತೆ. ಕಾಣಲ್ವಾ?"

ನನಗೆ ಕಾಣುತ್ತಿದ್ದುದು ಒದ್ದೆ ಬಟ್ಟೆಯ ಹಿಂದಿನ ಬೆಳಕಿನಂಥ ಹಸಿರು ಕಲೆ ಒಂದೇ. ವರ್ಷದಿಂದ ಎಲ್ಲವೂ ಹೀಗೇ. ರಸ್ತೆಯಲ್ಲಿ ಟ್ರ್ಯಾಕ್ಟರನ್ನು ಬರೀ ನೆನಪಿನ ಮೇಲೆ ಓಡಿಸುತ್ತಿದ್ದೆ.

"ನನಗೇ ಕಲಿಸ್ತೀಯೇನೆ?" ಅಂತ ಲ್ಯಾಪ್‌ಟಾಪ್ ಮುಚ್ಚಿದೆ.

"ಕಲಿಸಲ್ಲ ಬಿಡು. ನಾಳೆ ಟ್ರೈಲರ್‌ನಾಗೆ ಎಷ್ಟು ಜನ ಕೂರ್ತಾರೆ, ಅಷ್ಟು ಹೇಳು."

ಶುಂಠಿ ಹೊಲದ ಕಳೆಗೆ ಹನ್ನೆರಡು ಹೆಂಗಸರು. ಹೋಗಬೇಕಾದ್ದು ಅಂಬ್ಲಿಗೊಳ ನಾಲೆಯ ಕಿರುಸೇತುವೆ ಮೇಲೆ, ಎರಡೂ ಕಡೆ ತಡೆಗೋಡೆಯಿಲ್ಲ. 

ಬೆಳಿಗ್ಗೆ ಎಲ್ಲರೂ ಹತ್ತಿ ಕೂತರು. ಎಂಜಿನ್ ಶುರು ಮಾಡಿದೆ. ಗೇರ್ ಹಾಕಲು ಕೈ ಏಳಲಿಲ್ಲ. ಎಂಜಿನ್ ಆರಿಸಿದೆ.

"ಇಳೀರಿ. ನನಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ."

"ಯಾಕೋ ತಮ್ಮಾ, ನನ್ನ ಹೊಸ ಸೀರೆ ನೋಡಿ ಕಣ್ಣು ಕುಕ್ಕಿತಾ?" ಅಂದಳು ಅವರಲ್ಲೆಲ್ಲ ಹಿರಿಯಳು. ಎಲ್ಲರೂ ಗೊಳ್ಳೆಂದರು. ನಾನು ನಗದೆ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡೆ.

"ಎಷ್ಟು ದಿನ ಆತು?" ಅಂತ ಅವಳೇ ಕೇಳಿದಳು.

"ವರ್ಷ ಆತು ಅಕ್ಕ."

ಅವಳು ಊಟದ ಡಬ್ಬಿ ಹಿಡಿದುಕೊಂಡು ಮೊದಲು ಇಳಿದಳು. ನನ್ನ ಮುಖ ನೋಡದೆ, "ಹೋದ ವಾರ ನನ್ನ ಮೊಮ್ಮಗಳೂ ಇದ್ದಳಲ್ಲೋ ಇದರಾಗೆ" ಅಂದಳು. ಹನ್ನೆರಡೂ ಜನ ನಡೆದೇ ಹೋದರು.

ಅವತ್ತೇ ಶಿಕಾರಿಪುರದ ಬಸ್ಸು ಹತ್ತಿದೆ, ಕಣ್ಣಿನ ಡಾಕ್ಟರ ಹತ್ತಿರ. ಮಗಳು ಪಕ್ಕದಲ್ಲಿ ಕೂತಿದ್ದಳು. ದಾರಿಯಲ್ಲಿ ಎಷ್ಟೋ ಬೋರ್ಡುಗಳು ಬಂದವು. ಯಾವುದನ್ನೂ ಓದು ಅಂತ ಅವಳು ನನಗೆ ಅನ್ನಲಿಲ್ಲ.